ನಾಲ್ಕನೇ ಹಾಡು

ಪುರಭವನದ ಎದುರು ಫುಟ್‌ಪಾತಿನಲ್ಲಿ
ಹಳೇ ಸೀಡಿಗಳ ಗುಡ್ಡೆಯೊಳಗೆ ಸಿಕ್ಕಿದ್ದು, ನಲವತ್ತು ರೂಪಾಯಿಗೆ.
ಮೇಲೆ ಸುಟ್ಟ ಕಾಡು, ಹಿಮ,
ಮುಖ ಕಾಣದ ಐದು ಜನ.
ತಂಡದ ಹೆಸರು ಓದಲಾಗಲಿಲ್ಲ, ಅಕ್ಷರಕ್ಕೆಲ್ಲ ಮುಳ್ಳು, ಬೇರು.
ಡಬ್ಬಿಯ ಮೂಲೆ ಒಡೆದಿತ್ತು. ಐದು ರೂಪಾಯಿ ಬಿಡಿಸಿಕೊಂಡೆ.

ನಾನು ಅಶೋಕಪುರಂನವನು. ರೈಲ್ವೆ ವರ್ಕ್‌ಶಾಪಿನಲ್ಲಿ
ಗಾಲಿ ಹೆರೆಯುವ ಲೇತಿನ ಮುಂದೆ ಹತ್ತೊಂಬತ್ತು ವರ್ಷ.
ಕಬ್ಬಿಣ ಕಿರುಚುವುದು ನನಗೆ ಹೊಸದಲ್ಲ.
ಕಿರುಚುವುದಕ್ಕೂ ಲೆಕ್ಕ ಇದೆ:
ಉಳಿ ಮೊಂಡಾದರೆ ಒಂದು ದನಿ,
ಗಾಲಿಯೊಳಗೆ ಬಿರುಕಿದ್ದರೆ ಇನ್ನೊಂದು.
ಆ ಐವರ ಗಿಟಾರುಗಳೂ ಹಾಗೇ.
ಮೊದಲ ರಾತ್ರಿ ನನ್ನ ಬೆನ್ನುಮೂಳೆಯ ಒಂದೊಂದೇ ಮಣಿ
ಬಿಚ್ಚಿ, ಒರೆಸಿ, ಮತ್ತೆ ಪೋಣಿಸಿದವು.
ಅದರಲ್ಲೂ ನಾಲ್ಕನೆಯದು.
ಡ್ರಮ್ಮಿನವನು ಒಂದು ಪೆಟ್ಟು ಬಾಕಿ ಇಟ್ಟುಕೊಂಡು
ಎಲ್ಲರೂ ಮುಂದೆ ಹೋದ ಮೇಲೆ ತೀರಿಸುತ್ತಾನೆ.

ಎರಡು ವರ್ಷ ಸುಖವಾಗಿದ್ದೆ.
ಆಮೇಲೆ ಮಗಳು ಸಂಘಮಿತ್ರ, ಪೀಯೂಸಿ,
ಹಾಡಿನ ಅರ್ಥ ಹುಡುಕಿ ನೋಟುಬುಕ್ಕಿನ ಕೊನೇ ಹಾಳೆಯಲ್ಲಿ
ಕನ್ನಡಕ್ಕೆ ಇಳಿಸಿ ತಂದಳು.
ದೋಣಿಯಲ್ಲಿ ಬಂದವರನ್ನು ದೋಣಿಯಲ್ಲೇ ಕಳಿಸಿ.
ಮಣ್ಣಿಗೆ ನೆತ್ತರಿನ ಗುರುತುಂಟು. ಬೆರಕೆ ನೆತ್ತರು ಬರೀ ನೀರು.
"ಅಪ್ಪಾ, ಇವ್ರು ನಿನ್ನ ಬಾಗ್ಲಲ್ಲೇ ನಿಲ್ಲಿಸ್ತಾರಾ?"
"ಬಾಗ್ಲವರೆಗೂ ಬಿಡಲ್ಲ ಕಣವ್ವ" ಅಂದೆ.
ಅವಳು ನಗಲಿಲ್ಲ.

ಈ ಮಾತು ಹಿಮದಲ್ಲಿ ಹುಟ್ಟಿದ್ದಲ್ಲ, ನನಗೆ ಗೊತ್ತು.
ಟಿ. ನರಸೀಪುರದ ಕಡೆ, ನಮ್ಮಜ್ಜನ ಊರಿನ ಹೋಟೆಲ್ಲಿನಲ್ಲಿ
ಬೇರೆ ಲೋಟದಲ್ಲಿ ಇದನ್ನು ನಾನು ಕುಡಿದಿದ್ದೇನೆ.

ಸೀಡಿ ಬೀರುವಿನ ಮೇಲೆ ಹೋಯಿತು. ಮೂರು ವಾರ.
ಆಮೇಲೆ ತಕರಾರು ಶುರು, ನನಗೂ ನನಗೂ:
ನನ್ನ ಒಂದು ಕಾಸೂ ಅವನಿಗೆ ಮುಟ್ಟಿಲ್ಲ.
ತಿಳಿಯದ ಭಾಷೆಯ ಬೈಗುಳ ಬೈಗುಳವೇ?
ತಿಳಿದ ಮೇಲೆ?
ನಾಲ್ಕನೆಯದನ್ನು ಬಿಟ್ಟು ಐದಕ್ಕೆ ಹಾರಿದರೆ?
ಹಾರಿದೆ. ಐದು ಸಪ್ಪೆ.
ಇದ್ದಬದ್ದ ಕೊಳಕನ್ನೆಲ್ಲ ಆ ಪಾಪಿ
ಇರುವುದರಲ್ಲೇ ಚೆಂದದ ತಾಳದ ಮೇಲೆ ಕೂರಿಸಿದ್ದ.

ನನ್ನಪ್ಪ ಕರಿಮಾದಯ್ಯ ತಮಟೆ ಬಿಟ್ಟವನು.
ದೊಡ್ಡಮನೆಯ ಹೆಣದ ಮುಂದೆ ಸಂಜೆವರೆಗೂ ಬಾರಿಸಿದ ಕೈಗೆ
ಕೊಡದೆ, ದುಡ್ಡನ್ನು ನೆಲಕ್ಕೆಸೆದರು.
ಒಂದು ನಾಣ್ಯ ಚರಂಡಿಯ ಕಡೆ ಉರುಳಿತು.
ಅದನ್ನು ಹುಡುಕುತ್ತಾ ಬಗ್ಗಿದ್ದು ಅಪ್ಪನಿಗೆ ಇವತ್ತಿಗೂ ಸೊಂಟದಲ್ಲಿದೆ.
ಆ ರಾತ್ರಿ, ತಮಟೆ ಕಾಯಿಸುವ ಹುಲ್ಲುರಿಗೇ
ತಮಟೆ ಹಾಕಿ ಮೈಸೂರಿನ ಬಸ್ಸು ಹತ್ತಿದ.
ನಮ್ಮನೆಯಲ್ಲಿ ಆ ಪದ ಎತ್ತಕೂಡದು.
ಆದರೂ ಊಟ ತಡವಾದರೆ ತಟ್ಟೆಯ ಅಂಚಿನ ಮೇಲೆ
ಅವನಿಗೇ ತಿಳಿಯದ ಹಾಗೆ ಅವನ ಬೆರಳು.
ನಾವು ಕೇಳಿಸದವರಂತೆ ಸಾರು ಬಿಡುತ್ತಿದ್ದೆವು.

ಮೊನ್ನೆ ಭಾನುವಾರ, ಯಾಕೋ,
ನನ್ನ ಹೆಡ್‌ಫೋನ್ ತೆಗೆದು ಅವನ ಕಿವಿಗಿಟ್ಟೆ. ನಾಲ್ಕನೆಯದು.
ಬೆಚ್ಚಿದ. ಬೈದ. ಕಿತ್ತೆಸೆಯಲಿಲ್ಲ.
ಬಾಕಿ ಪೆಟ್ಟು ಬರುವ ಹೊತ್ತಿಗೆ
ಕುರ್ಚಿಯ ಕೈ ಮೇಲೆ ಅವನ ತೋರುಬೆರಳು
ಕೂದಲೆಳೆಯಷ್ಟು ಮುಂಚೆ ಬಿತ್ತು.
ಡ್ರಮ್ಮಿನವನಿಗಿಂತ ಮುಂಚೆ.
ಮುಗಿದ ಮೇಲೆ ಕಣ್ಣು ಬಿಟ್ಟು ಕೇಳಿದ:
"ಕೈ ಐತೆ ಕಲಾ ಬಡ್ಡೀಮಗಂಗೆ.
ಯಾರ ಸಾವಿಗ್ಲಾ ಬಡೀತಾವ್ನೆ?"

ಸಂಘಮಿತ್ರ ನನ್ನ ಮುಖ ನೋಡಿದಳು.
ನಾನು ವೈರು ಸುತ್ತತೊಡಗಿದೆ,
ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದೆ.
ಅಪ್ಪ ಉತ್ತರಕ್ಕೆ ಕಾಯಲಿಲ್ಲ.
"ಇನ್ನೊಂದ್ ಕಿತ ಆಕು."

ಮಗಳು ಎದ್ದು ಹೊರಗೆ ಹೋದಳು, ನೋಟುಬುಕ್ಕು ಇಲ್ಲೇ ಬಿಟ್ಟು.
ನಾನು ಹಾಕಿದೆ.